ಆ 8 ಮಿಲಿಮೀಟರ್ ಗ್ರೂಪ್ ಎಲ್ಲಿಗೆ ಹೋಯ್ತು?

ಪ್ರಶ್ನೆ: ನನ್ನದು .308 ವಿಂಚೆಸ್ಟರ್ ಬೋಲ್ಟ್ ಆಕ್ಷನ್ ರೈಫಲ್, ನಳಿಗೆ 24 ಇಂಚು. 168 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಮ್ಯಾಚ್ ಗುಂಡಿಗೆ ಒಪ್ಪುವ ಲೋಡ್, ಅಂದರೆ ಮದ್ದಿನ ತೂಕ, ಹುಡುಕೋಣ ಅಂತ ಮದ್ದನ್ನು 0.3 ಗ್ರೇನ್‌ನಂತೆ ಏರಿಸುತ್ತಾ ಎಂಟು ಬಗೆಯ ತೋಟೆ ತುಂಬಿದೆ. 100 ಮೀಟರಿನಲ್ಲಿ ಒಂದೊಂದರಲ್ಲೂ ಮೂರು ಈಡು ಹೊಡೆದೆ. ಗ್ರೂಪ್‌ಗಳು (ತೂತುಗಳು ಹರಡಿದ ಅಗಲ) ಕ್ರಮವಾಗಿ 22, 14, 19, 8, 17, 26, 11, 20 ಮಿ.ಮೀ. ಬಂದವು. 8 ಬಂದ ನಾಲ್ಕನೇ ಲೋಡಿನ ವೇಗದ ಎಸ್‌ಡಿ (ಈಡಿನಿಂದ ಈಡಿಗೆ ವೇಗ ಏರಿಳಿಯುವ ಅಳತೆ) ಸೆಕೆಂಡಿಗೆ 2.4 ಮೀಟರ್. ನಾಲ್ಕನೇ, ಐದನೇ ಲೋಡ್‌ಗಳ ಸರಾಸರಿ ವೇಗದಲ್ಲಿ ಒಂದೇ ಮೀಟರ್ ವ್ಯತ್ಯಾಸ. ಇದೇ ನೋಡ್ (ಮದ್ದು ಸ್ವಲ್ಪ ಬದಲಾದರೂ ವೇಗ ಬದಲಾಗದ ಜಾಗ) ಅಂದುಕೊಂಡು ಅದರಲ್ಲಿ 20 ತೋಟೆ ತುಂಬಿದೆ. ಮುಂದಿನ ವಾರ ಐದೈದು ಈಡಿನ ನಾಲ್ಕು ಗ್ರೂಪ್ ಹೊಡೆದರೆ 19, 24, 27, 17. ಎಸ್‌ಡಿ 4.6ಕ್ಕೆ ಏರಿದೆ. 27 ಬಂದದ್ದರಲ್ಲಿ ಒಂದು ಈಡು ದಾರಿ ತಪ್ಪಿತ್ತು, ಅದನ್ನು ಬಿಟ್ಟರೆ 16. ಏನು ಕೆಟ್ಟಿತು? ಸೀಟಿಂಗ್ ಡೆಪ್ತ್ (ಕೇಸಿನ, ಅಂದರೆ ತೋಟೆಯ ಹಿತ್ತಾಳೆ ಕೊಳವೆಯ, ಒಳಗೆ ಗುಂಡನ್ನು ಎಷ್ಟು ಆಳ ಕೂರಿಸುವುದು) ಬದಲಿಸಲಾ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಟೋಪಿ) ಬದಲಿಸಲಾ, ಇಲ್ಲ 11 ಕೊಟ್ಟ ಏಳನೇ ಲೋಡಿಗೆ ಹೋಗಲಾ? ಏಳು, ಎಂಟರಲ್ಲಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎತ್ತುವಾಗ ಸ್ವಲ್ಪ ಬಿಗಿ ಅನಿಸಿತು. ಕೇಸಿನ ತಳದಲ್ಲಿ ಸಣ್ಣ ಹೊಳೆಯುವ ಗುರುತಿದೆ. ವೇಗ ಅಳೆಯುವ ರಾಡಾರ್ ಕ್ರೋನೋಗ್ರಾಫ್ ಪ್ರಕಾರ ಅಲ್ಲಿ ವೇಗ ತೋಟೆ ತುಂಬುವ ಮ್ಯಾನುಯಲ್‌ನ ಗರಿಷ್ಠ ಲೋಡಿಗಿಂತ ಸೆಕೆಂಡಿಗೆ 12 ಮೀಟರ್ ಜಾಸ್ತಿ. ಪ್ರೈಮರ್‌ಗಳು ಮಾತ್ರ ಚೆನ್ನಾಗೇ ಇವೆ.

ಉತ್ತರ: ಏನೂ ಕೆಟ್ಟಿಲ್ಲ. ನಿಮ್ಮ ನಾಲ್ಕನೇ ಲೋಡ್ ಮೊದಲ ದಿನ ಹೇಗಿತ್ತೋ ಮುಂದಿನ ವಾರವೂ ಹಾಗೇ ಇತ್ತು. ಮೊದಲ ದಿನವೂ ಅದು 8 ಮಿ.ಮೀ. ಲೋಡ್ ಆಗಿರಲಿಲ್ಲ, ಅಷ್ಟೇ. ಏಳು ಮತ್ತು ಎಂಟನ್ನು ಮಾತ್ರ ಈಗಲೇ ಪಕ್ಕಕ್ಕಿಡಿ. ಅದು ಬೇರೆಯದೇ ಲೆಕ್ಕ, ಕೊನೆಗೆ ಬರುತ್ತೇನೆ.

ನಿಮ್ಮ ಎಂಟು ಅಂಕಿಗಳನ್ನು ಕೂಡಿಸಿ. 137 ಆಗುತ್ತದೆ. ಎಂಟರಿಂದ ಭಾಗಿಸಿದರೆ 17 ಚಿಲ್ಲರೆ. ಮೊದಲ ದಿನ ನಿಮಗೆ ಸಿಕ್ಕ ನಿಜವಾದ ಉತ್ತರ ಈ 17. ಆದರೆ ನಿಮ್ಮ ಕಣ್ಣು ಹೋಗಿದ್ದು 8ರ ಮೇಲೆ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ ಬಿಡಿ. ನಾನು ಅಂಥದ್ದೇ ಒಂದು ಮೂರು ಈಡಿನ ಗುರಿಹಾಳೆಯನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಎರಡು ವರ್ಷ ಓಡಾಡಿದವನು. ಕೇಳಿದವರಿಗೂ ಕೇಳದವರಿಗೂ ತೋರಿಸಿದ್ದೇ ತೋರಿಸಿದ್ದು. ಅದೇ ರೈಫಲ್ ಅಂಥ ಇನ್ನೊಂದು ಗ್ರೂಪನ್ನು ಆಮೇಲೆ ಎಷ್ಟು ಸಲ ಕೊಟ್ಟಿತು ಅಂತ ಯಾರೂ ಕೇಳಲಿಲ್ಲ, ಸದ್ಯ.

ಈಗ ಹೀಗೆ ಯೋಚಿಸಿ. ನೀವು ತುಂಬಿದ ಎಂಟೂ ಬಗೆಗಳು ನಿಖರತೆಯಲ್ಲಿ ಒಂದಕ್ಕೊಂದು ಒಂಚೂರೂ ಬೇರೆಯಿಲ್ಲ ಅಂತಿಟ್ಟುಕೊಳ್ಳಿ. ಎಂಟು ಡಬ್ಬಿಗೂ ಒಂದೇ ಲೋಡ್ ತುಂಬಿ ಯಾರೋ ನಿಮಗೆ ತಮಾಷೆ ಮಾಡಿದ್ದಾರೆ ಅನ್ನಿ. ಆಗ ಎಂಟು ಗ್ರೂಪೂ ಒಂದೇ ಅಳತೆ ಬರುತ್ತವಾ? ಬರುವುದಿಲ್ಲ. ಈಡುಗಳು ಚದುರುವುದಕ್ಕೆ ಒಂದು ಅಳತೆ ಇದೆ, ಅದನ್ನು ಸಿಗ್ಮಾ ಅನ್ನುತ್ತಾರೆ. ಮೂರು ಈಡಿನ ಗ್ರೂಪ್ ಸರಾಸರಿಯಲ್ಲಿ ಈ ಸಿಗ್ಮಾದ 2.4 ಪಟ್ಟು ಅಗಲ ಇರುತ್ತದೆ. ಆದರೆ ಒಂದೊಂದು ಗ್ರೂಪ್ ಆ ಸರಾಸರಿಯಿಂದ 37 ಶೇಕಡಾದಷ್ಟು ಆಚೆ ಈಚೆ ಹೋಗುವುದು ತೀರಾ ಮಾಮೂಲು. ಹಾಗಿರುವಾಗ ಎಂಟು ಗ್ರೂಪ್ ಹೊಡೆದು ಅದರಲ್ಲಿ ಚಿಕ್ಕದನ್ನೂ ದೊಡ್ಡದನ್ನೂ ಆರಿಸಿದರೆ, ದೊಡ್ಡದು ಚಿಕ್ಕದರ ಸುಮಾರು ಮೂರು ಪಟ್ಟು ಇರುವುದು ಮಾಮೂಲು. ಇದು ಬರೀ ಅದೃಷ್ಟದ ಆಟ. ಮದ್ದಿಗೂ ಅದಕ್ಕೂ ಸಂಬಂಧವೇ ಬೇಡ.

ಸರಾಸರಿ 17 ಇರುವ ರೈಫಲ್‌ಗೆ ಈ ಲೆಕ್ಕ ಹಾಕಿದರೆ ಎಂಟರಲ್ಲಿ ಚಿಕ್ಕದು 8ರ ಹತ್ತಿರ, ದೊಡ್ಡದು 26, 27ರ ಹತ್ತಿರ ಬರಬೇಕು. ನಿಮ್ಮ ಹಾಳೆ ನೋಡಿಕೊಳ್ಳಿ: 8 ಮತ್ತು 26. ಎಂಟು ಬಗೆ ಮದ್ದಿನ ತೂಕ ಬದಲಿಸಿದ್ದರ ಯಾವ ಗುರುತೂ ಈ ಅಂಕಿಗಳಲ್ಲಿ ಕಾಣುತ್ತಿಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಾಗೆ 8 ಮಿ.ಮೀ. ಬಂದ ಹೊತ್ತಿಗೆ ನಾಲ್ಕನೇ ಲೋಡ್ ಚೇಂಬರಿನಲ್ಲಿತ್ತು.

ಇನ್ನು ಎರಡನೇ ದಿನ. ಈಡು ಜಾಸ್ತಿ ಆದಷ್ಟೂ ಗ್ರೂಪ್ ಹಿಗ್ಗುತ್ತದೆ. ಗ್ರೂಪಿನ ಅಗಲ ಅಂದರೆ ತೀರಾ ದೂರ ಬಿದ್ದ ಎರಡು ತೂತುಗಳ ನಡುವಿನ ಅಂತರ. ಹೊಸ ಈಡು ಬಿದ್ದಾಗ ಅದು ಇದ್ದಷ್ಟೇ ಇರಬಹುದು, ಇಲ್ಲ ದೊಡ್ಡದಾಗಬಹುದು. ಚಿಕ್ಕದಂತೂ ಆಗಲ್ಲ. ಐದು ಈಡಿಗೆ ಸರಾಸರಿ ಸಿಗ್ಮಾದ 3.07 ಪಟ್ಟು, ಹತ್ತಕ್ಕೆ 3.8 ಪಟ್ಟು. ಮೂರು ಈಡಿಗೆ 17.1 ಕೊಡುವ ರೈಫಲ್ ಐದಕ್ಕೆ 21.8 ಕೊಡಬೇಕು. ನಿಮ್ಮ 19, 24, 27, 17ರ ಸರಾಸರಿ ಎಷ್ಟು? 21.75. ಇಷ್ಟು ಹತ್ತಿರ ಬಂದದ್ದರಲ್ಲೂ ಸ್ವಲ್ಪ ಅದೃಷ್ಟ ಇದೆ, ಆದರೂ ನೋಡೋಕೆ ಚೆಂದ ಅಲ್ವಾ? ನಿಮಗೆ ಎರಡು ದಿನ ಜಗಳ ಆಡಿದಂತೆ ಕಂಡವು. ಅವು ಒಂದೇ ಮಾತು ಹೇಳುತ್ತಿವೆ: ಇದು 100 ಮೀಟರಿಗೆ ಹತ್ತು ಈಡಿನ 27 ಮಿ.ಮೀ. ರೈಫಲ್, ಅಂದರೆ ಒಂದು ಎಂಒಎಗಿಂತ (ನಿಖರತೆ ಹೇಳಲು ಬಳಸುವ ಕೋನದ ಅಳತೆ) ಒಂದು ಕೂದಲು ಕಡಿಮೆ. 100 ಮೀಟರಿನಲ್ಲಿ ಒಂದು ಎಂಒಎ 29 ಮಿ.ಮೀ. ಇದೇನೂ ಬೇಜಾರಿನ ಸುದ್ದಿ ಅಲ್ಲ. ಕಾಲು ಎಂಒಎ ಅಂತ ಹೇಳಿಕೊಳ್ಳುವ ಎಷ್ಟೋ ರೈಫಲ್‌ಗಳನ್ನು ಹತ್ತು ಈಡಿಗೆ ಕೂರಿಸಿದರೆ ನಿಮ್ಮದರ ಪಕ್ಕದಲ್ಲೇ ಬಂದು ನಿಲ್ಲುತ್ತವೆ.

ದಾರಿ ತಪ್ಪಿದ ಆ ಈಡಿನ ಬಗ್ಗೆ. ಐದರಲ್ಲಿ ತೀರಾ ಹೊರಗಿನದನ್ನು ಬಿಟ್ಟರೆ ಯಾವ ಗ್ರೂಪ್ ಆದರೂ ಚಿಕ್ಕದಾಗುತ್ತದೆ. 17 ಬಂದದ್ದರಲ್ಲೂ ಒಂದು ಬಿಟ್ಟು ನೋಡಿ, ಅದೂ ಇಳಿಯುತ್ತದೆ. ಬಿಡುವುದಕ್ಕೆ ನಾನು ಒಪ್ಪುವ ಕಾರಣ ಒಂದೇ: ಟ್ರಿಗರ್ ಎಳೆದ ಕ್ಷಣವೇ, ಸ್ಪಾಟಿಂಗ್ ಸ್ಕೋಪ್‌ಗೆ ಕಣ್ಣಿಡುವ ಮೊದಲೇ, ‘ಇದು ಹೋಯ್ತು, ಬಲಕ್ಕೆ ಎಳೆದೆ’ ಅಂತ ನೀವು ಪುಸ್ತಕದಲ್ಲಿ ಬರೆದಿಟ್ಟಿರಬೇಕು. ತೂತು ನೋಡಿದ ಮೇಲೆ ನೆನಪಾಗುವ ತಪ್ಪು ಲೆಕ್ಕಕ್ಕಿಲ್ಲ. ಆ ಈಡೂ ನಿಮ್ಮ ಲೋಡೇ.

ವೇಗದ ವಿಷಯಕ್ಕೂ ಇದೇ ಕಥೆ, ಇನ್ನೂ ಸ್ವಲ್ಪ ಕೆಟ್ಟದಾಗಿ. ಮೂರು ಈಡಿನಿಂದ ತೆಗೆದ ಎಸ್‌ಡಿ ಅಂಕಿಗೆ ಬೆಲೆ ಬಹಳ ಕಡಿಮೆ. 2.4 ಬಂತು ಅಂದರೆ ನಿಜವಾದದ್ದು 1.3ರಿಂದ 15ರ ಒಳಗೆ ಎಲ್ಲೋ ಇದೆ ಅಂತ ಮಾತ್ರ 95 ಶೇಕಡಾ ಭರವಸೆಯಿಂದ ಹೇಳಬಹುದು. 20 ಈಡಿನ 4.6 ಅಂದರೆ 3.5ರಿಂದ 6.7. ಎರಡನೆಯದು ಮೊದಲನೆಯದರ ಹೊಟ್ಟೆಯೊಳಗೇ ಕೂತಿದೆ. ಎಸ್‌ಡಿ ಏರಿಲ್ಲ, ಈಗ ಗೊತ್ತಾಗಿದೆ. ಐದು ಈಡು ಹೊಡೆದವರು ತಮ್ಮ ಅಂಕಿಯನ್ನು 0.6ರಿಂದಲೂ 2.9ರಿಂದಲೂ ಗುಣಿಸಿ ನೋಡಿಕೊಳ್ಳಲಿ. ಹತ್ತಾದರೆ 0.7 ಮತ್ತು 1.8. ಹತ್ತು ಈಡಿಗಿಂತ ಕಡಿಮೆಯಲ್ಲಿ ತೆಗೆದ ಎಸ್‌ಡಿಯನ್ನು ನಾನು ಬರೆದಿಟ್ಟುಕೊಳ್ಳುವುದನ್ನೇ ಬಿಟ್ಟಿದ್ದೇನೆ.

ನಾಲ್ಕು ಮತ್ತು ಐದರ ನಡುವಿನ ಸಮತಟ್ಟು, ನೀವು ನೋಡ್ ಅಂತ ಕರೆದದ್ದು, ಅದನ್ನೂ ನೋಡೋಣ. .308ರಲ್ಲಿ 0.3 ಗ್ರೇನ್ ಏರಿಸಿದರೆ ವೇಗ ಸೆಕೆಂಡಿಗೆ ಹೆಚ್ಚುಕಮ್ಮಿ 5 ಮೀಟರ್ ಏರುತ್ತದೆ. ನಿಮ್ಮ ನಿಜವಾದ ಎಸ್‌ಡಿ 4.6 ಆದರೆ, ಮೂರು ಈಡಿನ ಎರಡು ಸರಾಸರಿಗಳ ವ್ಯತ್ಯಾಸ ಸುಮ್ನೆ ತಾನಾಗಿಯೇ 3.8 ಮೀಟರಿನಷ್ಟು ಅತ್ತಿತ್ತ ಓಲಾಡುತ್ತದೆ. 5 ಏರಬೇಕಾದ ಕಡೆ 1 ಏರುವುದಕ್ಕೆ ಅಷ್ಟು ಓಲಾಟ ಸಾಕು. ಎಂಟು ಲೋಡ್‌ಗಳ ನಡುವೆ ಏಳು ಅಂತರಗಳಿವೆ. ಏಳರಲ್ಲಿ ಒಂದಾದರೂ ಹೀಗೆ ಸಮತಟ್ಟಾಗಿ ಕಾಣುವುದೇ ಹೆಚ್ಚು ಸಂಭವ. ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಸಮತಟ್ಟು ಎರಡು ಮತ್ತು ಮೂರರ ನಡುವೆ ಹೋಗಿ ಕೂತಿರುತ್ತದೆ. ಎರಡು ಸಲವೂ ಅದೇ ಜಾಗದಲ್ಲಿ ಬಂದರೆ ಮೂರನೇ ಸಲ ಮಾಡಿ, ಆಮೇಲೆ ನಂಬೋಣ.

ಅಂದಹಾಗೆ 100 ಮೀಟರಿನ ಗ್ರೂಪಿನಲ್ಲಿ ವೇಗದ ಏರಿಳಿತವನ್ನು ಹುಡುಕುವುದೇ ವ್ಯರ್ಥ. 800 ಮೀಟರ್ ವೇಗದ ಗುಂಡು 100 ಮೀಟರ್ ಹೋಗಲು ಸೆಕೆಂಡಿನ ಎಂಟನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅದು ಬೀಳುವುದು ಸುಮಾರು 8 ಸೆಂ.ಮೀ. ವೇಗದಲ್ಲಿ 10 ಮೀಟರ್ ವ್ಯತ್ಯಾಸ ಆದರೂ ಗುರಿಹಾಳೆಯ ಮೇಲೆ 2 ಮಿ.ಮೀ. ಕಂಡರೆ ಜಾಸ್ತಿ. ಅದೇ 10 ಮೀಟರ್ ವ್ಯತ್ಯಾಸ 1000 ಗಜದಲ್ಲಿ ಒಂದು ಅಡಿಯ ಆಸುಪಾಸು ಆಗುತ್ತದೆ. ನೀವು ದೂರಕ್ಕೆ ಹೊಡೆಯುವವರಾದರೆ ಎಸ್‌ಡಿಗೆ ತಲೆ ಕೆಡಿಸಿಕೊಳ್ಳಿ. 100, 200 ಮೀಟರಿಗೆ ಆದರೆ ಅದನ್ನು ಮರೆತುಬಿಡಿ.

ಹಾಗಾದರೆ ಅಳೆಯುವುದು ಹೇಗೆ? ನಿಮ್ಮ ಹತ್ತಿರ ಆಗಲೇ 20 ಈಡಿನ ಒಳ್ಳೆಯ ಮಾಹಿತಿ ಇದೆ, ಅದನ್ನು ನಾಲ್ಕು ತುಂಡು ಮಾಡಿ ಹಾಳು ಮಾಡಿದ್ದೀರಿ. ಒಂದು ಟ್ರೇಸಿಂಗ್ ಹಾಳೆ ತಗೊಳ್ಳಿ. ಮೊದಲ ಗುರಿಯ ಮೇಲೆ ಇಟ್ಟು, ನೀವು ಗುರಿ ಹಿಡಿದ ಚುಕ್ಕೆಯನ್ನೂ ಐದು ತೂತುಗಳಲ್ಲಿ ಒಂದೊಂದರ ನಡುವನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿ. ಅದೇ ಹಾಳೆಯನ್ನು ಎರಡನೇ ಗುರಿಯ ಮೇಲಿಟ್ಟು, ಚುಕ್ಕೆಗೆ ಚುಕ್ಕೆ ಕೂಡಿಸಿ, ಮತ್ತೆ ಐದು. ಹೀಗೆ ನಾಲ್ಕೂ. ಇಲ್ಲಿ ಒಂದು ಎಚ್ಚರ: ಕೂಡಿಸಬೇಕಾದದ್ದು ಗುರಿ ಹಿಡಿದ ಚುಕ್ಕೆಗಳನ್ನು, ಗ್ರೂಪುಗಳ ನಡುವನ್ನಲ್ಲ. ಗ್ರೂಪಿನ ನಡುವನ್ನು ಕೂಡಿಸಿದರೆ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ನಡು ಜಾರಿದ್ದೆಲ್ಲ ಮುಚ್ಚಿಹೋಗಿ ಸುಳ್ಳು ಸಣ್ಣ ಅಂಕಿ ಬರುತ್ತದೆ. ಅಳೆಯುವಾಗ ಕಾಗದದ ತೂತಿನ ಅಂಚು ನಂಬಬೇಡಿ. ಗುಂಡು ಹೋದ ಮೇಲೆ ಕಾಗದ ಮತ್ತೆ ಕೂಡಿಕೊಳ್ಳುತ್ತದೆ, ತೂತು ಗುಂಡಿಗಿಂತ ಚಿಕ್ಕದಾಗಿ ಕಾಣುತ್ತದೆ. ಸುತ್ತಲಿನ ಬೂದು ಬಣ್ಣದ ಮಸಿ ಉಂಗುರ ಇರುತ್ತಲ್ಲ, ಅದರ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಗುಂಡಿನ ವ್ಯಾಸ 7.82 ಮಿ.ಮೀ. ಕಳೆದರೆ ಗ್ರೂಪಿನ ಅಳತೆ. ಮೂರೂ ತೂತು ಒಂದರೊಳಗೊಂದು ಸೇರಿದ ನಿಮ್ಮ 8 ಮಿ.ಮೀ. ಗ್ರೂಪಿನಲ್ಲಿ ಒಂದು ಮಿ.ಮೀ. ಅಳತೆ ತಪ್ಪುವುದು ಏನೇನೂ ಕಷ್ಟವಲ್ಲ.

20 ಚುಕ್ಕೆ ಬಂದ ಮೇಲೆ ಅವುಗಳ ನಡುಬಿಂದು ಹುಡುಕಿ, ಅಲ್ಲಿಂದ ಒಂದೊಂದು ಚುಕ್ಕೆಗೂ ಎಷ್ಟು ದೂರ ಅಂತ ಅಳೆದು ಸರಾಸರಿ ತೆಗೆಯಿರಿ. ಇದನ್ನೇ ಮೀನ್ ರೇಡಿಯಸ್ ಅನ್ನುವುದು. ಗ್ರೂಪಿನ ಅಗಲ 20ರಲ್ಲಿ ಎರಡೇ ಈಡಿನ ಮಾತು ಕೇಳುತ್ತದೆ, ಇದು 20ರದ್ದೂ ಕೇಳುತ್ತದೆ. ಫೋನಿನಲ್ಲಿ ಫೋಟೋ ತೆಗೆದರೆ ಲೆಕ್ಕ ಹಾಕಿಕೊಡುವ ಆ್ಯಪ್‌ಗಳೂ ಇವೆ. ನಾನಿನ್ನೂ ಟ್ರೇಸಿಂಗ್ ಹಾಳೆಯವನೇ. ನಿಮ್ಮ ಗುರಿಗಳು ನನ್ನ ಮುಂದಿಲ್ಲ, ಆದರೂ 9 ಮಿ.ಮೀ. ಆಸುಪಾಸು ಬರುತ್ತದೆ ಅಂತ ನನ್ನ ಲೆಕ್ಕ. ಅಳೆದು ನೋಡಿ.

ಅಂಕಿಯ ಜೊತೆಗೆ ಆ 20 ಚುಕ್ಕೆಗಳ ಆಕಾರವನ್ನೂ ನೋಡಿ. ಅಡ್ಡಕ್ಕೆ ಉದ್ದವಾಗಿದ್ದರೆ ಗಾಳಿ ಅಥವಾ ನಿಮ್ಮ ಬೆರಳು. ನಳಿಗೆ ಬಿಸಿಯಾದಂತೆ ಒಂದೇ ದಿಕ್ಕಿಗೆ ನಡೆದುಕೊಂಡು ಹೋಗಿದ್ದರೆ ಅದು ರೈಫಲಿನ ಸಮಸ್ಯೆ, ತೋಟೆಯದ್ದಲ್ಲ. ಎರಡು ಪ್ರತ್ಯೇಕ ಗುಂಪಾಗಿ ಬಿದ್ದಿದ್ದರೆ ಮದ್ದಿನ ಡಬ್ಬಿಗೆ ಕೈ ಹಾಕುವ ಮೊದಲು ಸ್ಕ್ರೂಡ್ರೈವರ್ ತಗೊಳ್ಳಿ. ನನಗೊಮ್ಮೆ ಹೀಗೇ ಎರಡು ಗುಂಪು ಬೀಳುತ್ತಿತ್ತು. ಮೂರು ವಾರ ಸೀಟಿಂಗ್ ಡೆಪ್ತ್ ಬದಲಿಸಿದೆ, ಪ್ರೈಮರ್ ಬದಲಿಸಿದೆ, ಕೇಸುಗಳನ್ನು ತೂಕ ಹಾಕಿ ಬೇರೆ ಮಾಡಿದೆ. ಕೊನೆಗೆ ನೋಡಿದರೆ ಸ್ಕೋಪ್ ಬೇಸಿನ ಹಿಂದಿನ ಸ್ಕ್ರೂ ಬೆರಳಿನಲ್ಲೇ ತಿರುಗುತ್ತಿತ್ತು. ಆ ಮೂರು ವಾರದಲ್ಲಿ ‘ಸುಧಾರಣೆ ಕಂಡಿದೆ’ ಅಂತ ಪುಸ್ತಕದಲ್ಲಿ ನಾಲ್ಕು ಕಡೆ ಬರೆದಿದ್ದೆ!

ಸೀಟಿಂಗ್ ಡೆಪ್ತ್, ಪ್ರೈಮರ್ ಬದಲಿಸಲಾ ಅಂತ ಕೇಳಿದಿರಿ. ಬದಲಿಸಬಹುದು. ಆದರೆ ಮತ್ತೆ ಮೂರು ಮೂರು ಈಡಿನಲ್ಲಿ ತೀರ್ಪು ಕೊಡುವುದಾದರೆ ಬೇಡ, ಮತ್ತೊಂದು 8 ಸಿಗುತ್ತದೆ, ಮತ್ತೆ ಕಳೆದುಹೋಗುತ್ತದೆ. ಎರಡು ಲೋಡ್ ಹೋಲಿಸಬೇಕಾದರೆ ಒಂದೊಂದರಲ್ಲೂ 20 ಈಡು ಹೊಡೆಯಿರಿ. ಆಗಲೂ ಮೀನ್ ರೇಡಿಯಸ್ಸಿನಲ್ಲಿ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಇಲ್ಲದೆ ಒಂದು ಗೆದ್ದಿತು ಅನ್ನಲಾಗುವುದಿಲ್ಲ. ಒಂದೊಂದೇ ಮೂರು ಈಡಿನ ಗ್ರೂಪಿಟ್ಟು ಹೋಲಿಸುವವರಿಗೆ ಒಂದು ಇನ್ನೊಂದರ ಎರಡು ಪಟ್ಟು ಬಂದರೂ ಸಾಲದು. ಈ ಲೆಕ್ಕ ಕಂಡ ಮೇಲೆ ನನಗೆ ಹೊಳೆದದ್ದು ಇಷ್ಟೇ: 0.3 ಗ್ರೇನ್ ಮದ್ದಿನಂಥ ಸಣ್ಣ ಬದಲಾವಣೆ ನಿಖರತೆಯಲ್ಲಿ ವ್ಯತ್ಯಾಸ ತಂದರೂ ಅದು ನಮ್ಮಂಥವರ ಕೈಗೆ ಸಿಗುವಷ್ಟು ದೊಡ್ಡದಲ್ಲ. ದೊಡ್ಡ ವ್ಯತ್ಯಾಸ ಬೇಕಾದರೆ ದೊಡ್ಡದನ್ನೇ ಬದಲಿಸಿ. ಬೇರೆ ಗುಂಡು, ಇಲ್ಲವೇ ಬೇರೆ ಮದ್ದು. ಬದಲಿಸಿದ ಮೇಲೆ ಮ್ಯಾನುಯಲ್‌ನ ಆರಂಭದ ಲೋಡಿನಿಂದಲೇ ಮತ್ತೆ ಶುರು ಮಾಡಬೇಕು, ಅದು ಗೊತ್ತಿದ್ದದ್ದೇ.

ಹೊಡೆಯುವ ಕ್ರಮದಲ್ಲಿ ಡ್ಯಾನ್ ನ್ಯೂಬೆರಿಯವರ ಓಸಿಡಬ್ಲ್ಯೂ (ಆಪ್ಟಿಮಲ್ ಚಾರ್ಜ್ ವೇಟ್, ಒಪ್ಪುವ ಮದ್ದಿನ ತೂಕ ಹುಡುಕುವ) ಪದ್ಧತಿಯಿಂದ ಒಂದು ಒಳ್ಳೆಯ ಅಭ್ಯಾಸ ಕಲಿಯಬಹುದು. ಒಂದು ಲೋಡ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಇದರದ್ದೊಂದು, ಅದರದ್ದೊಂದು, ಸರದಿಯಲ್ಲಿ ಹೊಡೆಯಿರಿ. ಗಾಳಿ ಬದಲಾದದ್ದು, ನಳಿಗೆ ಬಿಸಿಯಾದದ್ದು, ನಿಮ್ಮ ಭುಜ ಸೋತದ್ದು ಎಲ್ಲವೂ ಎರಡಕ್ಕೂ ಸಮವಾಗಿ ಹಂಚಿಹೋಗುತ್ತವೆ. ಕ್ರಿಯೇಟನ್ ಆಡೆಟ್ ಅವರ ಲ್ಯಾಡರ್ ಟೆಸ್ಟ್, ಒಂದೊಂದು ತೂಕಕ್ಕೆ ಒಂದೊಂದೇ ಈಡು ಹೊಡೆಯುವುದು, ಒತ್ತಡ ಎಲ್ಲಿಂದ ಏರುತ್ತದೆ ಅಂತ ಹುಷಾರಾಗಿ ನೋಡುತ್ತಾ ಮೇಲೆ ಹೋಗಲು ಚೆನ್ನಾಗಿದೆ. ಒಂದೊಂದು ಈಡಿನಿಂದ ನಿಖರತೆಯ ತೀರ್ಪು ಕೊಡಲು ಹೋದರೆ ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಈಗ ಏಳು ಮತ್ತು ಎಂಟು. ಇಷ್ಟು ಹೊತ್ತು ‘ಈಡು ಸಾಲದು, ಇನ್ನೂ ಹೊಡೆಯಿರಿ’ ಅಂದವನು ಇಲ್ಲಿ ತಿರುಗಿ ನಿಲ್ಲುತ್ತೇನೆ. ಇಲ್ಲಿ ಒಂದೇ ಸಾಕು, ಇನ್ನೊಂದು ಹೊಡೆಯಬೇಡಿ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುವ ಮಾತು ನಿಖರತೆಗೆ ಒಪ್ಪಲ್ಲ, ಒತ್ತಡಕ್ಕೆ ಸರಿಯಾಗಿ ಒಪ್ಪುತ್ತದೆ. ನಿಖರತೆಯಲ್ಲಿ ತಪ್ಪು ತೀರ್ಪು ಕೊಟ್ಟರೆ ಒಂದಷ್ಟು ಗುಂಡು ದಂಡ. ಒತ್ತಡದಲ್ಲಿ ತಪ್ಪು ತೀರ್ಪು ಕೊಟ್ಟರೆ ಬೋಲ್ಟ್ ಇರುವುದು ನಿಮ್ಮ ಕೆನ್ನೆಯ ಪಕ್ಕದಲ್ಲಿ.

ಆ ಹೊಳೆಯುವ ಗುರುತನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ದುಂಡಗೋ ಅರ್ಧಚಂದ್ರದಂತೆಯೋ ಇದ್ದು, ಉಗುರು ಆಡಿಸಿದರೆ ಅಂಚು ತಾಕುತ್ತಿದ್ದರೆ ಅದು ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆಸೆಯುವ ಬೋಲ್ಟಿನ ಭಾಗ) ಗುರುತು. ಹಿತ್ತಾಳೆ ಒತ್ತಡಕ್ಕೆ ಎಜೆಕ್ಟರಿನ ತೂತಿನೊಳಗೆ ಉಬ್ಬಿದೆ, ನೀವು ಬೋಲ್ಟ್ ಎತ್ತಿದಾಗ ಅದು ಉಜ್ಜಿಕೊಂಡು ಹೊಳೆದಿದೆ. ಬೋಲ್ಟ್ ಬಿಗಿ ಆದದ್ದು ಕೇಸ್ ಹಿಗ್ಗಿ ವಾಪಸ್ ಕುಗ್ಗದೆ ಚೇಂಬರನ್ನು ಹಿಡಿದುಕೊಂಡಿದ್ದರಿಂದ. .308ಕ್ಕೆ ಸಾಮಿ (ತೋಟೆ, ಬಂದೂಕುಗಳ ಮಾನದಂಡ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಗೊತ್ತುಮಾಡಿದ ಗರಿಷ್ಠ ಒತ್ತಡ 62,000 ಪಿಎಸ್‌ಐ. ಸಾಮಾನ್ಯವಾಗಿ ಇಂಥ ಗುರುತುಗಳು ಕಾಣುವ ಹೊತ್ತಿಗೆ ಆ ಗೆರೆ ದಾಟಿ ಆಗಿರುತ್ತದೆ. ಗುರುತು ಕಾಣದಿದ್ದರೆ ಒಳಗಿದ್ದೇವೆ ಅಂತಲೂ ಅರ್ಥವಲ್ಲ.

ಪ್ರೈಮರ್ ಚೆನ್ನಾಗಿದೆ ಅನ್ನುವುದರಿಂದ ಸಮಾಧಾನ ಬೇಡ. ಒಂದು ಬ್ರ್ಯಾಂಡಿನ ಪ್ರೈಮರ್ ಕಪ್ ಗಟ್ಟಿ, ಇನ್ನೊಂದರದ್ದು ಮೆತ್ತಗೆ. ಗಟ್ಟಿಯದು ಜಾಸ್ತಿ ಒತ್ತಡದಲ್ಲೂ ದುಂಡಗೇ ಕಾಣುತ್ತದೆ. ಕೇಸಿನ ಭುಜವನ್ನು ಸೈಜಿಂಗ್ ಡೈನಲ್ಲಿ (ಹೊಡೆದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು) ಜಾಸ್ತಿ ಹಿಂದಕ್ಕೆ ತಳ್ಳಿದ್ದರೆ ಕಡಿಮೆ ಒತ್ತಡದಲ್ಲೂ ಪ್ರೈಮರ್ ಚಪ್ಪಟೆ ಆಗುತ್ತದೆ. ಫೈರಿಂಗ್ ಪಿನ್ನಿನ ತೂತು ಸಡಿಲವಿದ್ದರೆ ಒತ್ತಡ ಸರಿಯಿದ್ದರೂ ಪ್ರೈಮರಿನಲ್ಲಿ ಉಬ್ಬು ಬರುತ್ತದೆ. ಪ್ರೈಮರ್ ನೋಡಿ ಒತ್ತಡ ಹೇಳುವುದು ಮುಖ ನೋಡಿ ಜ್ವರದ ಡಿಗ್ರಿ ಹೇಳಿದಂತೆ.

ಇವೆಲ್ಲಕ್ಕಿಂತ ನನಗೆ ಗಾಬರಿ ತಂದದ್ದು ನೀವು ಕೊನೆಗೆ ಹೇಳಿದ ಆ 12 ಮೀಟರ್. ಅದೇ ಮದ್ದು, ಅದೇ ಗುಂಡು, ಮ್ಯಾನುಯಲ್‌ನಷ್ಟೇ ಉದ್ದದ ನಳಿಗೆ ಇರುವಾಗ ಪುಸ್ತಕದ ಗರಿಷ್ಠಕ್ಕಿಂತ ಜಾಸ್ತಿ ವೇಗ ಬಂದರೆ ಅದು ಎಲ್ಲಿಂದ ಬರಬೇಕು? ಒತ್ತಡದಿಂದಲೇ. ನಿಮ್ಮ ಕೇಸಿನ ಒಳಗಿನ ಜಾಗ ಕಡಿಮೆ ಇರಬಹುದು, ಚೇಂಬರ್ ಬಿಗಿ ಇರಬಹುದು, ಈ ಡಬ್ಬಿಯ ಮದ್ದು ಸ್ವಲ್ಪ ಚುರುಕಿರಬಹುದು. ತಕ್ಕಡಿಯಲ್ಲಿ ತೂಕ ಗರಿಷ್ಠಕ್ಕಿಂತ ಕಡಿಮೆಯೇ ಇದ್ದರೂ ನಿಮ್ಮ ರೈಫಲಿನಲ್ಲಿ ಗರಿಷ್ಠ ಆಗಲೇ ದಾಟಿಹೋಗಿದೆ. ಬಿಸಿ ಚೇಂಬರಿನಲ್ಲಿ ತೋಟೆ ಒಂದೆರಡು ನಿಮಿಷ ಕೂತರೆ ಇನ್ನಷ್ಟು ಏರುತ್ತದೆ. 11 ಮಿ.ಮೀ. ಗ್ರೂಪ್ ಆಸೆಗೆ ಅಲ್ಲಿಗೆ ಹೋಗಬೇಡಿ, ಅದೂ 8ರ ತಮ್ಮನೇ.

ನಾಲ್ಕನೇ ಲೋಡಿನಲ್ಲೇ ಇರಿ. ಗ್ರೂಪ್ ಚಿಕ್ಕದು ಬಂತು ಅಂತ ಅಲ್ಲ. ಒತ್ತಡದ ಗುರುತು ಕಂಡ ಜಾಗಕ್ಕಿಂತ ಮೂರು ಮೆಟ್ಟಿಲು ಕೆಳಗಿದೆ, 20 ಈಡಿನ ಲೆಕ್ಕ ಕೈಯಲ್ಲಿದೆ, ಸೆಖೆಯ ದಿನ ಬಂದರೂ ತಡೆಯಲು ಜಾಗ ಇದೆ. ಆರನೇ ಲೋಡಿನ ಖಾಲಿ ಕೇಸುಗಳನ್ನೂ ಇವತ್ತೇ ಕಿಟಕಿಯ ಹತ್ತಿರ ತಗೊಂಡು ಹೋಗಿ ತಳ ನೋಡಿ. ಏಳು, ಎಂಟರ ಖಾಲಿ ಕೇಸುಗಳಿಗೆ ಹೊಸ ಪ್ರೈಮರ್ ಕೂರಿಸುವಾಗ ಕೈಗೆ ಬಿಗಿ ಸಿಗದೆ ಸಲೀಸಾಗಿ ಜಾರಿಕೊಂಡು ಹೋದರೆ ಪ್ರೈಮರ್ ಪಾಕೆಟ್ ಹಿಗ್ಗಿದೆ, ಆ ಕೇಸು ಗುಜರಿಗೆ. ಆ ಎರಡು ಬಗೆಯಲ್ಲಿ ಹೊಡೆಯದ ತೋಟೆ ಉಳಿದಿದ್ದರೆ ‘ಹೇಗೂ ತುಂಬಿ ಆಗಿದೆ’ ಅಂತ ಖಾಲಿ ಮಾಡಬೇಡಿ. ಕನ್ನಡಕ ಹಾಕಿಕೊಂಡು ಬುಲೆಟ್ ಪುಲ್ಲರಿನಲ್ಲಿ ಬಿಚ್ಚಿ. ಗುಂಡುಗಳು ಮತ್ತೆ ಬಳಕೆಗೆ ಬರುತ್ತವೆ.